ಆಪ್ತರು ಯಾರು?

ದೇಹಕ್ಕೆ ಆದ ಗಾಯವನ್ನು ವೈದ್ಯನು ಕಣ್ಣಿನಿಂದ ಕಂಡು, ಕೈಯಿಂದ ಮುಟ್ಟಿ ತಿಳಿಯಬಲ್ಲನು. ಮನಸ್ಸಿಗೆ ಆದ ಗಾಯ ಹಾಗಲ್ಲ. ಅದನ್ನು ಹೊತ್ತವರು ಬಾಯಿಬಿಟ್ಟು ಹೇಳುವವರೆಗೂ ಅದು ಇದೆಯೆಂಬುದೇ ಮತ್ತೊಬ್ಬರಿಗೆ ತಿಳಿಯದು. ನಾಡಿ ಹಿಡಿದರೆ ಜ್ವರ ತಿಳಿದೀತು. ನಾಲಗೆ ಆಡದೆ ದುಃಖ ತಿಳಿಯದು. ಆದುದರಿಂದ ಮನೋವ್ಯಥೆಯ ವಿಷಯದಲ್ಲಿ ಔಷಧಕ್ಕಿಂತಲೂ ಮೊದಲು ಏಳುವ ಪ್ರಶ್ನೆಯೆಂದರೆ, ‘ಇದನ್ನು ಯಾರಿಗೆ ಹೇಳಬೇಕು?’ ಎಂಬುದು. ಈ ಪ್ರಶ್ನೆಗೆ ಉತ್ತರ ದೊರೆಯದೆ, ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಒಳಗೊಳಗೇ ಬೆಂದವರು ಎಲ್ಲ ಕಾಲದಲ್ಲಿಯೂ ಉಂಟು. ಹೇಳಬಾರದವರಲ್ಲಿ ಹೇಳಿ ಊರಿನವರ ಬಾಯಿಗೆ ಬಿದ್ದವರೂ ಉಂಟು.

ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಈ ಪ್ರಶ್ನೆಗೆ ಹೊಸದೊಂದು ಉತ್ತರ ಬಳಕೆಗೆ ಬಂದಿದೆ. ಮನಸ್ಸಿನಲ್ಲಿ ತಳಮಳವುಳ್ಳವನು ತನ್ನ ಮನೆಯಲ್ಲಿಯೇ ಕುಳಿತು, ಗಣಕಯಂತ್ರದ ಅಥವಾ ಕೈಯೊಳಗಿನ ದೂರವಾಣಿಯ ಪರದೆಯನ್ನು ತೆರೆದು, ತಾನು ಹಿಂದೆಂದೂ ಕಾಣದ ಒಬ್ಬರೊಡನೆ ವಾರಕ್ಕೊಮ್ಮೆ ಮುಕ್ಕಾಲು ಗಂಟೆಯಷ್ಟು ಹೊತ್ತು ಮಾತನಾಡುತ್ತಾನೆ. ಆ ಇನ್ನೊಬ್ಬರು ಬಂಧುವಲ್ಲ, ಗುರುವಲ್ಲ, ಅನೇಕ ವೇಳೆ ವೈದ್ಯರೂ ಅಲ್ಲ. ಅವರನ್ನು ಅಲ್ಲಿ ‘ಲೈಸೆನ್ಸ್ಡ್ ಕ್ಲಿನಿಕಲ್ ಸೋಷಿಯಲ್ ವರ್ಕರ್’ ಎಂದು ಕರೆಯುತ್ತಾರೆ. ಮನೋವ್ಯಥೆಯ ಚಿಕಿತ್ಸೆಯಲ್ಲಿ ಶಿಕ್ಷಣ ಪಡೆದು, ರಾಜ್ಯದಿಂದ ಅನುಜ್ಞಾಪತ್ರವನ್ನು ಪಡೆದ ಸಮಾಜಕಾರ್ಯಕರ್ತರು ಎಂದರ್ಥ. ಕನ್ನಡ ನಾಡಿನ ಎಷ್ಟೋ ಮನೆಗಳ ಮಕ್ಕಳು ಸೊಸೆಯಂದಿರು ಇಂದು ಆ ದೇಶದಲ್ಲಿ ಸಂಸಾರ ಹೂಡಿದ್ದಾರೆ. ಅವರಲ್ಲಿ ಒಬ್ಬರು ಹೀಗೆ ಪರಕೀಯರೊಡನೆ ಮನಸ್ಸನ್ನು ತೋಡಿಕೊಳ್ಳುತ್ತಿರುವರೆಂದು ಕೇಳಿದಾಗ ಇಲ್ಲಿಯ ಹಿರಿಯರ ಮನಸ್ಸಿಗೆ ಕಸಿವಿಸಿಯಾಗುವುದು ಸಹಜ. ‘ತಾಯಿತಂದೆ ಇಲ್ಲವೇ? ಹಣ ಕೊಟ್ಟು ದುಃಖ ಹೇಳಿಕೊಳ್ಳುವ ಗತಿ ಏಕೆ ಬಂತು?’ ಎಂಬ ಮಾತು ಹೊರಡುವುದೂ ಸಹಜ. ಆ ಮಾತನ್ನು ತಳ್ಳಿಹಾಕುವುದು ಸುಲಭ. ಆದರೆ ಅದರಲ್ಲಿ ವಿಚಾರಿಸಬೇಕಾದ ಸತ್ಯಾಂಶವಿದೆ.

ವಿಚಾರವನ್ನು ಪದದಿಂದಲೇ ಆರಂಭಿಸಬಹುದು. ಇಂತಹ ಮಾತುಕತೆಗೆ ಕನ್ನಡದಲ್ಲಿ ‘ಆಪ್ತಸಮಾಲೋಚನೆ’ ಎಂಬ ಹೆಸರು ರೂಢಿಗೆ ಬಂದಿದೆ. ‘ಆಪ್ತ’ ಎಂಬ ಶಬ್ದಕ್ಕೆ ಲೋಕದಲ್ಲಿ ಒಂದು ಅರ್ಥ, ಶಾಸ್ತ್ರದಲ್ಲಿ ಮತ್ತೊಂದು ಅರ್ಥ. ಲೋಕದಲ್ಲಿ ಆಪ್ತರೆಂದರೆ ಹತ್ತಿರದವರು, ಬಂಧುಗಳು, ಸ್ನೇಹಿತರು. ಮದುವೆಯ ಕರೆಯೋಲೆಯಲ್ಲಿ ‘ಬಂಧುಮಿತ್ರರು, ಆಪ್ತೇಷ್ಟರು’ ಎಂದು ಬರೆಯುವುದು ಈ ಅರ್ಥದಲ್ಲಿ. ತರ್ಕಶಾಸ್ತ್ರದಲ್ಲಿ ಆಪ್ತನೆಂದರೆ ಇದ್ದುದನ್ನು ಇದ್ದಂತೆ ನುಡಿಯುವವನು, ಯಾರ ಮಾತನ್ನು ಪ್ರಮಾಣವೆಂದು ಅಂಗೀಕರಿಸಬಹುದೋ ಅವನು. ಅವನು ಬಂಧುವಾಗಿರಬೇಕೆಂಬ ನಿಯಮವಿಲ್ಲ. ದಾರಿ ತಪ್ಪಿದ ಪಯಣಿಗನಿಗೆ ‘ನದಿಯ ಆಚೆ ದಡದಲ್ಲಿ ಊರಿದೆ’ ಎಂದು ಹೇಳುವ ಹೊಲದ ರೈತನು ಆ ಪಯಣಿಗನಿಗೆ ಏನೂ ಆಗಬೇಕಾದವನಲ್ಲ. ಆದರೂ ಆ ಕ್ಷಣಕ್ಕೆ ಅವನು ಆಪ್ತ. ಮೋಸಗೊಳಿಸುವುದರಿಂದ ಅವನಿಗೆ ಲಾಭವಿಲ್ಲ. ಆ ಊರನ್ನು ಅವನು ಬಲ್ಲನು. ಈ ಎರಡು ಗುಣಗಳೇ ಅವನ ಮಾತಿಗೆ ಬೆಲೆಯನ್ನು ತಂದುವು. ಒಂದು ಆಪ್ತತೆ ಸಾಮೀಪ್ಯದಿಂದ ಬಂದುದು, ಮತ್ತೊಂದು ವಿಶ್ವಾಸಾರ್ಹತೆಯಿಂದ ಬಂದುದು. ಪರದೆಯ ಆಚೆ ಕುಳಿತವರು ಮೊದಲನೆಯ ಅರ್ಥದಲ್ಲಿ ಆಪ್ತರಲ್ಲ. ಅದನ್ನು ಅವರೂ ಹೇಳಿಕೊಳ್ಳುವುದಿಲ್ಲ. ಎರಡನೆಯ ಅರ್ಥದಲ್ಲಿ ಅವರು ಆಪ್ತರಾಗಬಲ್ಲರೇ ಎಂಬುದೇ ಇಲ್ಲಿಯ ಪ್ರಶ್ನೆ.

ಇದಕ್ಕೆ ಆ ವೃತ್ತಿಯು ಬೆಳೆದುಬಂದ ದಾರಿಯನ್ನು ತಿಳಿಯುವುದು ಅವಶ್ಯ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕೆಯ ದೊಡ್ಡ ನಗರಗಳಲ್ಲಿ ಧರ್ಮಸಂಸ್ಥೆಗಳ ಪರವಾಗಿ ಸಿರಿವಂತರ ಮನೆಯ ಸ್ತ್ರೀಯರು ಬಡವರ ಮನೆಗಳಿಗೆ ಹೋಗಿ ಕಷ್ಟಸುಖ ವಿಚಾರಿಸುತ್ತಿದ್ದರು. ಅವರಿಗೆ ಸಂಬಳವಿರಲಿಲ್ಲ, ‘ಸ್ನೇಹಭಾವದ ಭೇಟಿಗಾರರು’ ಎಂಬರ್ಥದ ಹೆಸರು ಅವರಿಗಿತ್ತು. 1889ರಲ್ಲಿ ಜೇನ್ ಆಡಮ್ಸ್ ಎಂಬ ಮಹಿಳೆಯು ತನ್ನ ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಜೊತೆಗೂಡಿ ಷಿಕಾಗೋ ನಗರದ ಬಡವರ ಕೇರಿಯಲ್ಲಿಯೇ ‘ಹಲ್ ಹೌಸ್’ ಎಂಬ ನಿವಾಸವನ್ನು ತೆರೆದು ಅವರ ನೆರೆಯವಳಾಗಿ ಬಾಳಿದಳು. ಮುಂದೆ 1931ರಲ್ಲಿ ಆಕೆಗೆ ನೊಬೆಲ್ ಶಾಂತಿ ಪಾರಿತೋಷಕ ಸಂದಿತು. ಸದುದ್ದೇಶವೊಂದೇ ಸಾಲದು, ಪರರ ಬಾಳಿನಲ್ಲಿ ಕೈಯಿಡುವವರಿಗೆ ಶಿಕ್ಷಣ ಬೇಕು ಎಂಬ ಅರಿವು ಕ್ರಮೇಣ ಮೂಡಿತು. 1898ರಲ್ಲಿ ನ್ಯೂಯಾರ್ಕಿನಲ್ಲಿ ಬೇಸಗೆಯ ತರಗತಿಯೊಂದು ಆರಂಭವಾಯಿತು. 1917ರಲ್ಲಿ ಮೇರಿ ರಿಚ್ಮಂಡ್ ಎಂಬಾಕೆ ಬರೆದ ‘ಸೋಷಿಯಲ್ ಡಯಾಗ್ನೋಸಿಸ್’ ಎಂಬ ಗ್ರಂಥವು ಈ ಕಾರ್ಯಕ್ಕೆ ಶಾಸ್ತ್ರದ ಚೌಕಟ್ಟನ್ನು ಒದಗಿಸಿತು. ಒಬ್ಬನ ಸಂಕಟವನ್ನು ತಿಳಿಯಬೇಕಾದರೆ ಅವನ ಮನೆ, ದುಡಿಮೆ, ನೆರೆಹೊರೆ ಇವೆಲ್ಲವನ್ನೂ ತಿಳಿಯಬೇಕೆಂಬುದು ಆ ಶಾಸ್ತ್ರದ ತಿರುಳು. ಸಮಾಜಕಾರ್ಯಕರ್ತರಿಗೂ ಮನೋವೈದ್ಯರಿಗೂ ಇರುವ ಭೇದ ಇಲ್ಲಿಂದಲೇ ಹುಟ್ಟಿದುದು. ಇವರು ಔಷಧವನ್ನು ಬರೆದುಕೊಡುವವರಲ್ಲ. ಮನುಷ್ಯನನ್ನು ಅವನ ಸಂಸಾರದ ನಡುವೆ ಇಟ್ಟು ನೋಡುವವರು.

ಇಂದು ಆ ದೇಶದ ಎಲ್ಲ ರಾಜ್ಯಗಳಲ್ಲಿಯೂ ಈ ವೃತ್ತಿ ಕಾನೂನಿನ ಅಂಕೆಗೆ ಒಳಪಟ್ಟಿದೆ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದ ಮೇಲೆಯೂ ಕೂಡಲೇ ಸ್ವತಂತ್ರವಾಗಿ ಚಿಕಿತ್ಸೆ ನಡೆಸುವಂತಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯದ ನಿಯಮವನ್ನು ನಿದರ್ಶನವಾಗಿ ಹೇಳುವುದಾದರೆ, ಹಿರಿಯರೊಬ್ಬರ ಮೇಲ್ವಿಚಾರಣೆಯಲ್ಲಿ 104 ವಾರಗಳಿಗೆ ಕಡಿಮೆಯಿಲ್ಲದಂತೆ 3,000 ಗಂಟೆಗಳ ಅನುಭವವನ್ನು ಗಳಿಸಿ, ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಆ ಮೇಲೆಯೂ ಎರಡು ವರ್ಷಗಳಿಗೊಮ್ಮೆ ಅನುಜ್ಞಾಪತ್ರವನ್ನು ನವೀಕರಿಸಿಕೊಳ್ಳುತ್ತ, 36 ಗಂಟೆಗಳ ಹೊಸ ವ್ಯಾಸಂಗವನ್ನು ತೋರಿಸುತ್ತಿರಬೇಕು. ತಪ್ಪಿ ನಡೆದವರ ಮೇಲೆ ದೂರನ್ನು ವಿಚಾರಿಸುವ ಮಂಡಲಿ ಪ್ರತಿ ರಾಜ್ಯದಲ್ಲಿಯೂ ಇದೆ. ಯಾರ ಅನುಜ್ಞಾಪತ್ರ ಊರ್ಜಿತದಲ್ಲಿದೆ, ಯಾರದು ರದ್ದಾಗಿದೆ ಎಂಬುದನ್ನು ಸಾಮಾನ್ಯ ಪ್ರಜೆಯೂ ಆ ಮಂಡಲಿಯ ಪಟ್ಟಿಯಲ್ಲಿ ಹುಡುಕಿ ನೋಡಬಹುದು. ಹೀಗೆ ಅನುಜ್ಞಾಪತ್ರವೆಂಬುದು ವಿದ್ಯೆಯ ಬಿರುದು ಮಾತ್ರವಲ್ಲ. ಸಾಕ್ಷಿಯ ಮುಂದೆ ತೊಟ್ಟ ಒಂದು ವ್ರತ. ವ್ರತಭಂಗವಾದರೆ ಕೇಳುವವರು ಉಂಟು ಎಂಬುದೇ ಅದರ ಸಾರ.

ಇನ್ನು ಪೂರ್ವಪಕ್ಷಗಳನ್ನು ಒಂದೊಂದಾಗಿ ಪರಿಶೀಲಿಸಬಹುದು. ಅವುಗಳಲ್ಲಿ ಮೊದಲನೆಯದೂ ಬಲವಾದುದೂ ತಾಯಿಯನ್ನು ಕುರಿತದ್ದು. ಹೆತ್ತ ತಾಯಿಯ ಕಿವಿಗಿಂತ ಪರಕೀಯರ ಕಿವಿ ಹೇಗೆ ಮೇಲಾದೀತು? ಆಶ್ಚರ್ಯದ ಸಂಗತಿಯೆಂದರೆ, ಈ ಪ್ರಶ್ನೆಯನ್ನು ಅಮೆರಿಕೆಯ ಪರಮೋಚ್ಚ ನ್ಯಾಯಾಲಯದಲ್ಲಿಯೇ ಒಬ್ಬ ನ್ಯಾಯಮೂರ್ತಿಗಳು ಎತ್ತಿದರು. ಅದು ‘ಜಾಫೀ ವಿರುದ್ಧ ರೆಡ್ಮಂಡ್’ ಎಂದು ಹೆಸರಾದ ಮೊಕದ್ದಮೆ. 1991ರಲ್ಲಿ ಇಲಿನಾಯ್ ರಾಜ್ಯದ ಒಬ್ಬ ಪೊಲೀಸ್ ಅಧಿಕಾರಿಣಿ ಜಗಳವೊಂದನ್ನು ನಿಲ್ಲಿಸಲು ಹೋದಾಗ ಗುಂಡು ಹಾರಿಸಿ, ಒಬ್ಬ ಮನುಷ್ಯನು ಸತ್ತನು. ಆ ಮರಣದ ಭಾರವನ್ನು ಹೊತ್ತ ಆಕೆ ಮುಂದೆ ಸುಮಾರು 50 ಬಾರಿ ಅನುಜ್ಞಾಪತ್ರವುಳ್ಳ ಸಮಾಜಕಾರ್ಯಕರ್ತೆಯೊಬ್ಬರಲ್ಲಿಗೆ ಹೋಗಿ ಮನಸ್ಸನ್ನು ತೋಡಿಕೊಂಡಳು. ಸತ್ತವನ ಕಡೆಯವರು ನ್ಯಾಯಾಲಯಕ್ಕೆ ಹೋದಾಗ ಆ ಮಾತುಕತೆಯ ಟಿಪ್ಪಣಿಗಳನ್ನು ಹಾಜರುಪಡಿಸಬೇಕೆಂದು ಕೇಳಿದರು. ಕೆಳಗಿನ ನ್ಯಾಯಾಲಯವು ಕೊಡಬೇಕೆಂದು ಆಜ್ಞೆ ಮಾಡಿದರೂ ಇಬ್ಬರೂ ಒಪ್ಪಲಿಲ್ಲ. ಆ ಟಿಪ್ಪಣಿಗಳು ಆಕೆಗೆ ಪ್ರತಿಕೂಲವಾಗಿದ್ದುವೆಂದು ಊಹಿಸಿಕೊಳ್ಳಬಹುದೆಂದು ನ್ಯಾಯಾಧೀಶರು ಪಂಚರಿಗೆ ತಿಳಿಸಿದರು. ಪಂಚರು 5,45,000 ಡಾಲರುಗಳ ಪರಿಹಾರವನ್ನು ವಿಧಿಸಿದರು.

ವಿವಾದವು ಮೇಲಕ್ಕೆ ಹೋಗಿ, 1996ರ ಜೂನ್ 13ರಂದು ಪರಮೋಚ್ಚ ನ್ಯಾಯಾಲಯವು ಏಳು ಮಂದಿ ಒಂದು ಕಡೆ, ಇಬ್ಬರು ಇನ್ನೊಂದು ಕಡೆಯಾಗಿ ತೀರ್ಪು ಕೊಟ್ಟಿತು. ಮಾತು ಹೊರಬೀಳುವ ಭಯವಿದ್ದಲ್ಲಿ ಯಾರೂ ಮನಸ್ಸು ಬಿಚ್ಚಲಾರರು; ಆದುದರಿಂದ ಅಲ್ಲಿ ಆಡಿದ ಮಾತನ್ನು ಕೇಂದ್ರ ನ್ಯಾಯಾಲಯಗಳು ಬಲಾತ್ಕಾರದಿಂದ ಹೊರಗೆಡಹಿಸಕೂಡದು ಎಂಬುದು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಅವರು ಬರೆದ ಬಹುಮತದ ನಿರ್ಣಯ. ಈ ರಕ್ಷೆ ಮನೋವೈದ್ಯರಿಗೆ ಮಾತ್ರ ಸಲ್ಲದೆ ಸಮಾಜಕಾರ್ಯಕರ್ತರಿಗೂ ಏಕೆ ಸಲ್ಲಬೇಕೆಂಬುದಕ್ಕೆ ಅವರು ಕೊಟ್ಟ ಕಾರಣ ಮನನೀಯವಾದುದು: ದೊಡ್ಡ ವೈದ್ಯರಲ್ಲಿಗೆ ಹೋಗಲು ಶಕ್ತಿಯಿಲ್ಲದ ಬಡವರೂ ಸಾಧಾರಣ ಗೃಹಸ್ಥರೂ ಹೆಚ್ಚಾಗಿ ಆಶ್ರಯಿಸುವುದು ಇವರನ್ನೇ. ಸಿರಿವಂತನ ದುಃಖಕ್ಕೆ ಮರೆಯುಂಟು, ಬಡವನ ದುಃಖಕ್ಕೆ ಮರೆಯಿಲ್ಲ ಎಂದಾಗುವುದು ಧರ್ಮವಲ್ಲವಷ್ಟೆ.

ಭಿನ್ನಮತವನ್ನು ಬರೆದ ನ್ಯಾಯಮೂರ್ತಿ ಆಂಟೊನಿನ್ ಸ್ಕಲಿಯಾ ಅವರ ವಾದವಾದರೂ ಲಘುವಾದುದಲ್ಲ. ಸಾಮಾನ್ಯ ಮನುಷ್ಯನಿಗೆ ಚಿಕಿತ್ಸಕನ ಸಲಹೆ ತಪ್ಪಿದರೆ ಹೆಚ್ಚು ನಷ್ಟವೋ, ತಾಯಿಯ ಬುದ್ಧಿವಾದ ತಪ್ಪಿದರೆ ಹೆಚ್ಚು ನಷ್ಟವೋ ಎಂದು ಅವರು ಕೇಳಿದರು. ತಾಯಿಗೆ ಹೇಳಿದ ಮಾತಿಗೇ ಕಾನೂನಿನ ರಕ್ಷೆಯಿಲ್ಲದಿರುವಾಗ ಚಿಕಿತ್ಸಕನಿಗೆ ಹೇಳಿದ ಮಾತಿಗೆ ಅದು ಏಕೆ ಎಂಬುದು ಅವರ ಆಕ್ಷೇಪ. ಇಲ್ಲಿಯ ಮನೆಗಳಲ್ಲಿ ಹಿರಿಯರು ಆಡುವ ಮಾತೂ ಇದೇ. ಭಾಷೆ ಬೇರೆ, ಭಾವವೊಂದೇ.

ಇದಕ್ಕೆ ಸಮಾಧಾನವನ್ನು ಸಂಸಾರದ ಅನುಭವದಲ್ಲಿಯೇ ಹುಡುಕಬೇಕು. ನ್ಯೂಜೆರ್ಸಿಯಲ್ಲಿರುವ ಒಬ್ಬ ಬಾಣಂತಿಯನ್ನು ಕಲ್ಪಿಸಿಕೊಳ್ಳಬಹುದು. ಹೆರಿಗೆಯಾಗಿ ಮೂರು ತಿಂಗಳಾಗಿದೆ. ಬಾಣಂತನಕ್ಕೆ ಬಂದಿದ್ದ ತಾಯಿ ದಾವಣಗೆರೆಗೆ ಹಿಂದಿರುಗಿದ್ದಾಳೆ. ಗಂಡನು ಬೆಳಗ್ಗೆ ಹೋದರೆ ಸಂಜೆ ಬರುತ್ತಾನೆ. ಕಾರಣವಿಲ್ಲದೆ ಅಳು ಬರುತ್ತದೆ, ಮಗುವನ್ನು ಕಂಡರೆ ಸಂತೋಷವಾಗುವುದಿಲ್ಲ, ‘ನಾನು ತಾಯಿಯಾಗಲು ತಕ್ಕವಳಲ್ಲ’ ಎಂಬ ಭಾವ ಎಡೆಬಿಡದೆ ಕಾಡುತ್ತದೆ. ಪ್ರತಿದಿನವೂ ತಾಯಿ ಪರದೆಯ ಮೇಲೆ ಕಾಣಿಸಿಕೊಂಡು, ‘ಹೇಗಿದ್ದೀಯವ್ವಾ?’ ಎಂದು ಕೇಳುತ್ತಾಳೆ. ಮಗಳು ಕೂದಲನ್ನು ಸರಿಪಡಿಸಿಕೊಂಡು, ‘ಚೆನ್ನಾಗಿದ್ದೀನಿ ಅವ್ವಾ’ ಎನ್ನುತ್ತಾಳೆ. ಸುಳ್ಳಾಡಬೇಕೆಂದು ಅವಳು ಹಾಗೆ ಹೇಳುವುದಿಲ್ಲ. ಹೇಳಿದರೆ ತಾಯಿಗೆ ಊಟ ಸೇರದು, ನಿದ್ದೆ ಹತ್ತದು; ಅಷ್ಟು ದೂರದಿಂದ ಅವಳು ಏನೂ ಮಾಡಲಾರಳು. ತಾಯಿಯ ಪ್ರೀತಿಯೇ ಮಗಳ ಬಾಯಿಯನ್ನು ಕಟ್ಟುತ್ತದೆ. ಹತ್ತಿರದವರಿಗೆ ಹೇಳಲಾಗದ ಮಾತುಗಳು ಕೆಲವುಂಟು. ಅವರು ಹತ್ತಿರದವರೆಂಬುದೇ ಅದಕ್ಕೆ ಕಾರಣ.

ಇಂತಹ ಎಡೆಯಲ್ಲಿ ಪರಕೀಯರ ಕಿವಿಗೆ ಒಂದು ಪ್ರಯೋಜನವಿದೆ. ಕೇಳಿದ ಮಾತಿನಿಂದ ಅವರ ಮನೆಯ ಒಲೆ ಆರುವುದಿಲ್ಲ. ಅವರು ಮರುಗಬಹುದು, ಆದರೆ ಮುರಿಯುವುದಿಲ್ಲ. ಅವರ ಎದುರಿಗೆ ಅತ್ತರೆ ಅವರನ್ನು ಸಂತೈಸುವ ಹೊಣೆ ಅತ್ತವಳ ಮೇಲೆ ಬೀಳುವುದಿಲ್ಲ. ಮೇಲಾಗಿ, ಇದು ಹೆರಿಗೆಯ ನಂತರ ಅನೇಕ ಸ್ತ್ರೀಯರಿಗೆ ಬರುವ ಖಿನ್ನತೆಯೆಂಬ ವ್ಯಾಧಿ, ಶೀಲದ ಲೋಪವಲ್ಲ, ಗುಣವಾಗತಕ್ಕದ್ದು ಎಂದು ಇದ್ದುದನ್ನು ಇದ್ದಂತೆ ಹೇಳುವ ವಿದ್ಯೆ ಅವರಿಗಿದೆ. ಔಷಧ ಬೇಕೆನಿಸಿದರೆ ವೈದ್ಯರಲ್ಲಿಗೆ ಕಳುಹಿಸುವ ವಿವೇಕವೂ ಇದೆ. ತರ್ಕಶಾಸ್ತ್ರದ ಆಪ್ತನ ಲಕ್ಷಣ ಇದೇ ಅಲ್ಲವೇ? ತಾಯಿಯು ಗುಟ್ಟನ್ನು ಕಾಪಾಡುವುದು ಪ್ರೀತಿಯಿಂದ; ಆಕೆಗೆ ಕಾನೂನು ಬೇಕಿಲ್ಲ. ಪರಕೀಯರಲ್ಲಿ ಆ ಪ್ರೀತಿಯನ್ನು ನಿರೀಕ್ಷಿಸುವಂತಿಲ್ಲ. ಆದುದರಿಂದಲೇ ಅಲ್ಲಿ ಕಾನೂನು ಬೇಕು. ಪ್ರೀತಿಯಿಲ್ಲದ ಸ್ಥಳದಲ್ಲಿ ನಂಬಿಕೆಗೆ ಆಧಾರವಾಗಿ ನಿಲ್ಲುವುದು ಕಟ್ಟುಪಾಡು. ಹೀಗಾಗಿ ಅನುಜ್ಞಾಪತ್ರವು ತಾಯ್ತನಕ್ಕೆ ಪ್ರತಿಸ್ಪರ್ಧಿಯಲ್ಲ.

ಎರಡನೆಯ ಪೂರ್ವಪಕ್ಷವು ಹಣವನ್ನು ಕುರಿತದ್ದು. ಕೂಲಿಗೆ ಕೇಳುವ ಕಿವಿಯಲ್ಲಿ ಕರುಣೆ ಇದ್ದೀತೇ ಎಂಬುದು ಶಂಕೆ. ಸಂಬಳವಿಲ್ಲದ ಆ ಹಿಂದಿನ ಭೇಟಿಗಾರರ ಚರಿತ್ರೆಯಲ್ಲಿಯೇ ಇದಕ್ಕೆ ಉತ್ತರವಿದೆ. ಅವರು ಹಣ ಪಡೆಯುತ್ತಿರಲಿಲ್ಲ. ಆದರೆ ಬಡವರ ನಡತೆಯನ್ನು ತಿದ್ದುವ ಅಧಿಕಾರವು ತಮಗಿದೆಯೆಂಬ ಭಾವವನ್ನು ಅವರಲ್ಲಿ ಅನೇಕರು ಇಟ್ಟುಕೊಂಡಿದ್ದರು. ಉಚಿತವಾಗಿ ದೊರೆತ ಕಿವಿಗೆ ಅನೇಕ ವೇಳೆ ಬೇರೊಂದು ಬೆಲೆ ತೆರಬೇಕಾಗುತ್ತದೆ: ಕೃತಜ್ಞತೆಯ ಭಾರ, ಮೇಲುಕೀಳಿನ ಭಾವ, ‘ಅಂದು ನನ್ನಲ್ಲಿ ಬಂದು ಅತ್ತಿದ್ದೆಯಲ್ಲ’ ಎಂದು ಮುಂದೊಂದು ದಿನ ಕೇಳಬೇಕಾದ ಮಾತು. ಗೊತ್ತಾದ ಸಂಭಾವನೆಯನ್ನು ತೆಗೆದುಕೊಳ್ಳುವವರು ಅದರಿಂದಾಚೆಗೆ ಏನನ್ನೂ ಕೇಳುವಂತಿಲ್ಲ. ಉಡುಗೊರೆಯನ್ನಾಗಲಿ ನಂಟನ್ನಾಗಲಿ ಹೊಗಳಿಕೆಯನ್ನಾಗಲಿ ನಿರೀಕ್ಷಿಸುವಂತಿಲ್ಲ. ಅವರ ವೃತ್ತಿಧರ್ಮವು ಇದನ್ನು ಸ್ಪಷ್ಟವಾಗಿ ವಿಧಿಸುತ್ತದೆ. ಶರಣರ ದೃಷ್ಟಿಯಲ್ಲಿಯೂ ಸತ್ಯಶುದ್ಧವಾಗಿ ಮಾಡಿದ ಕಾಯಕಕ್ಕೆ ದೊರೆತ ಪ್ರತಿಫಲ ನಿಂದ್ಯವಲ್ಲ; ಕಾಯಕದಲ್ಲಿ ವಂಚನೆಯಿದ್ದರೆ ಮಾತ್ರ ಅದು ನಿಂದ್ಯ. ಆದರೂ ಹಣವಿಲ್ಲದವನಿಗೆ ಬಾಗಿಲು ಮುಚ್ಚಿದರೆ ಆ ದೋಷ ದೊಡ್ಡದು. ಆದಾಯಕ್ಕೆ ತಕ್ಕಂತೆ ಸಂಭಾವನೆಯನ್ನು ಇಳಿಸುವ ರೂಢಿ ಅಲ್ಲಿ ಅನೇಕರಲ್ಲಿದೆ, ಎಲ್ಲರಲ್ಲಿಯೂ ಇಲ್ಲ. ಆ ಕೊರತೆಯನ್ನು ಒಪ್ಪಲೇಬೇಕು.

ಮೂರನೆಯ ಪೂರ್ವಪಕ್ಷವು ಪರದೆಯನ್ನು ಕುರಿತದ್ದು. ಎದುರಿಗೆ ಕುಳಿತು ಕಣ್ಣನ್ನು ಕಂಡು ಆಡಬೇಕಾದ ಮಾತನ್ನು ಯಂತ್ರದ ಮೂಲಕ ಆಡಬಹುದೇ? ಈ ಪ್ರಯೋಗ ಹೊಸತೆಂದು ತೋರಿದರೂ ಅಷ್ಟು ಹೊಸತಲ್ಲ. 1959ರಲ್ಲಿಯೇ ನೆಬ್ರಾಸ್ಕಾದಲ್ಲಿ ಮನೋವೈದ್ಯರು ಎರಡೂ ಕಡೆ ಕಾಣುವ ದೂರದರ್ಶನದ ಮೂಲಕ ರೋಗಿಗಳ ಚಿಕಿತ್ಸೆಯನ್ನು ನಡೆಸಿ ನೋಡಿದ್ದರು. ಅದು ಮನೆಮನೆಗೆ ಬಂದುದು 2020ರಲ್ಲಿ, ಕೋವಿಡ್ ಮಹಾಮಾರಿಯು ಎಲ್ಲ ಬಾಗಿಲುಗಳನ್ನೂ ಮುಚ್ಚಿಸಿದಾಗ. ಆಗ ಅನಿವಾರ್ಯವಾಗಿ ಬಂದುದು ಅನಂತರ ಅನುಕೂಲವೆಂದು ಉಳಿಯಿತು. ನೂರು ಮೈಲಿಯ ಸುತ್ತಿನಲ್ಲಿ ಚಿಕಿತ್ಸಕರಿಲ್ಲದ ಹಳ್ಳಿಯವರಿಗೆ, ಮಗುವನ್ನು ಬಿಟ್ಟು ಹೊರಡಲಾಗದ ತಾಯಿಗೆ, ನಡೆಯಲಾರದ ವೃದ್ಧರಿಗೆ ಇದು ಉಪಕಾರವಾದುದು ನಿಜ.

ಆದರೆ ಪರದೆಯು ಕಳೆಯುವುದೂ ಉಂಟು. ಮುಖ ಕಾಣುತ್ತದೆ, ಮೇಜಿನ ಕೆಳಗೆ ನಡುಗುವ ಕೈ ಕಾಣುವುದಿಲ್ಲ. ಮೌನವು ಮೌನವೋ ತಂತಿಯ ದೋಷವೋ ತಿಳಿಯುವುದಿಲ್ಲ. ಗುಟ್ಟನ್ನು ಕಾಯುವ ಕೋಣೆಯನ್ನು ಚಿಕಿತ್ಸಕರು ಒದಗಿಸುತ್ತಿದ್ದ ಕಾಲ ಹೋಗಿ, ಅದನ್ನು ರೋಗಿಯೇ ಹುಡುಕಿಕೊಳ್ಳಬೇಕಾಗಿದೆ. ತುಂಬಿದ ಮನೆಯಲ್ಲಿ ಅದು ಸುಲಭವಲ್ಲ. ಮನೆಯ ಮುಂದೆ ನಿಲ್ಲಿಸಿದ ಕಾರಿನೊಳಗೆ ಕುಳಿತು ಮಾತನಾಡುವವರು ಆ ದೇಶದಲ್ಲಿ ಅನೇಕರಿದ್ದಾರೆ. ಆದುದರಿಂದ ಬಲ್ಲ ಚಿಕಿತ್ಸಕರು ಪ್ರತಿ ಸಲವೂ ಮೊದಲು ಎರಡು ಪ್ರಶ್ನೆಗಳನ್ನು ಕೇಳುತ್ತಾರೆ: ‘ಈಗ ಎಲ್ಲಿ ಕುಳಿತಿದ್ದೀರಿ? ಹತ್ತಿರದಲ್ಲಿ ಯಾರಾದರೂ ಕೇಳುತ್ತಿರುವರೇ?’ ಮೊದಲನೆಯ ಪ್ರಶ್ನೆಗೆ ಎರಡು ಕಾರಣಗಳಿವೆ. ಪ್ರಾಣಾಪಾಯವೊದಗಿದರೆ ನೆರವನ್ನು ಎಲ್ಲಿಗೆ ಕಳುಹಿಸಬೇಕೆಂದು ತಿಳಿದಿರಬೇಕು. ಮತ್ತು ರೋಗಿಯು ಕುಳಿತಿರುವ ರಾಜ್ಯದಲ್ಲಿ ತಮಗೆ ಚಿಕಿತ್ಸೆಯ ಅಧಿಕಾರವಿರಬೇಕು. ನ್ಯೂಜೆರ್ಸಿಯ ಸೊಸೆಯು ರಜೆಯಲ್ಲಿ ದಾವಣಗೆರೆಗೆ ಬಂದಾಗ ಅವಳ ಚಿಕಿತ್ಸಕರು ‘ಹಿಂದಿರುಗಿದ ಮೇಲೆ ಮುಂದುವರಿಸೋಣ’ ಎನ್ನಬಹುದು. ಇದನ್ನು ಕಠೋರತೆಯೆಂದು ತಿಳಿಯಬಾರದು. ಹೊಣೆಯನ್ನು ಹೊರಲಾಗದ ಎಡೆಯಲ್ಲಿ ಅಧಿಕಾರವನ್ನು ನಡೆಸುವುದಿಲ್ಲ ಎಂಬ ಪ್ರಾಮಾಣಿಕತೆ ಅದು.

ಗುಟ್ಟಿಗೂ ಒಂದು ಎಲ್ಲೆ ಇದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಉಚ್ಚ ನ್ಯಾಯಪೀಠವು ‘ಟರಸಾಫ್’ ಮೊಕದ್ದಮೆಯಲ್ಲಿ, ರೋಗಿಯಿಂದ ಮತ್ತೊಬ್ಬರ ಪ್ರಾಣಕ್ಕೆ ಅಪಾಯವೆಂದು ತಿಳಿದಾಗ ಆ ಮತ್ತೊಬ್ಬರನ್ನು ರಕ್ಷಿಸಲು ತಕ್ಕ ಎಚ್ಚರಿಕೆ ವಹಿಸುವುದು ಚಿಕಿತ್ಸಕರ ಕರ್ತವ್ಯವೆಂದು ನಿರ್ಣಯಿಸಿತು. ಒಬ್ಬ ವಿದ್ಯಾರ್ಥಿನಿಯ ಕೊಲೆಯಾದ ಮೇಲೆ ಬಂದ ತೀರ್ಪು ಅದು. ಮಗುವಿಗೆ ಹಿಂಸೆಯಾಗುತ್ತಿರುವುದು ತಿಳಿದರೂ ಅಧಿಕಾರಿಗಳಿಗೆ ಹೇಳಲೇಬೇಕು. ಇವನ್ನೆಲ್ಲ ಮೊದಲ ದಿನವೇ ತಿಳಿಸಿ ಒಪ್ಪಿಗೆಯನ್ನು ಪಡೆಯುವುದು ಕ್ರಮ. ಎಲ್ಲೆಯನ್ನು ಮೊದಲೇ ಹೇಳುವವರ ಮಾತನ್ನು ನಂಬಬಹುದು. ಎಲ್ಲವನ್ನೂ ಮುಚ್ಚಿಡುವೆನೆಂದು ಆಣೆಯಿಡುವವರಿಗಿಂತ ಅವರು ಮೇಲು.

ಇಲ್ಲಿಯವರೆಗೆ ಹೇಳಿದುದೆಲ್ಲ ಕಟ್ಟುಪಾಡಿಗೆ ಒಳಪಟ್ಟ ವ್ಯಕ್ತಿಯನ್ನು ಕುರಿತದ್ದು. ಆದರೆ ಪರದೆಯ ನಡುವೆ ಮೂರನೆಯವನೊಬ್ಬನು ನಿಂತಿದ್ದಾನೆ. ರೋಗಿಯನ್ನೂ ಚಿಕಿತ್ಸಕರನ್ನೂ ಕೂಡಿಸುವ ವ್ಯಾಪಾರಸಂಸ್ಥೆಯೇ ಅವನು. ಬೆಟರ್‌ಹೆಲ್ಪ್ ಎಂಬ ದೊಡ್ಡ ಸಂಸ್ಥೆಯು, ಗುಟ್ಟಾಗಿಡುವೆನೆಂದು ಮಾತುಕೊಟ್ಟು ಪಡೆದ ವಿವರಗಳನ್ನು ಫೇಸ್‌ಬುಕ್ ಮೊದಲಾದ ಕಂಪನಿಗಳಿಗೆ ಜಾಹೀರಾತಿಗಾಗಿ ಒದಗಿಸಿತೆಂದು ಅಮೆರಿಕೆಯ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಆರೋಪಿಸಿತು. ಸಂಸ್ಥೆಯು ತಪ್ಪನ್ನು ಒಪ್ಪಿಕೊಳ್ಳದಿದ್ದರೂ 78 ಲಕ್ಷ ಡಾಲರುಗಳನ್ನು ತೆರಲು ಒಡಂಬಟ್ಟಿತು. ಇದರಿಂದ ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ. ಕೇಳುವವರ ಕಿವಿಗೆ ವ್ರತವಿದ್ದರೆ ಸಾಲದು. ಮಾತು ಹರಿದುಹೋಗುವ ಕಾಲುವೆಗೂ ಕಾವಲಿರಬೇಕು. ಕೆರೆಯ ಏರಿ ಗಟ್ಟಿಯಾಗಿದ್ದು ತೂಬು ಸೋರಿದರೆ ನೀರು ನಿಂತೀತೇ? ಆದುದರಿಂದ ಇಂತಹ ನೆರವನ್ನು ಪಡೆಯುವವರು ಅನುಜ್ಞಾಪತ್ರ ಯಾರದು, ಯಾವ ರಾಜ್ಯದ್ದು, ಬರೆದಿಟ್ಟ ಟಿಪ್ಪಣಿ ಯಾರ ವಶದಲ್ಲಿರುತ್ತದೆ, ತಮ್ಮ ಹೆಸರು ವಿಳಾಸಗಳನ್ನು ಯಾರಿಗೆ ಕೊಡಲಾಗುತ್ತದೆ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು. ಹಾಗೆ ಕೇಳುವುದು ಅವಿಶ್ವಾಸವಲ್ಲ. ಪರೀಕ್ಷಿಸಿ ಇಟ್ಟ ನಂಬಿಕೆಯೇ ನಿಲ್ಲತಕ್ಕ ನಂಬಿಕೆ.

ಕನ್ನಡ ನಾಡಿನ ಗೃಹಸ್ಥರಿಗೆ ಇದು ದೂರದ ಸುದ್ದಿಯಾಗಿ ಉಳಿದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನೋವೈದ್ಯಕೀಯ ಸಮಾಜಕಾರ್ಯದ ಶಿಕ್ಷಣ ಬಹುಕಾಲದಿಂದ ನಡೆದುಬಂದಿದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಆ ಹೆಸರಿನಿಂದ ಯಾರನ್ನು ಕರೆಯಬಹುದೆಂಬುದನ್ನೂ ನಿರ್ವಚಿಸಿದೆ: ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷಗಳ ವಿಶೇಷ ವ್ಯಾಸಂಗವನ್ನು ಮುಗಿಸಿದವರು. 2022ರ ಅಕ್ಟೋಬರ್ 10ರಂದು ಭಾರತ ಸರ್ಕಾರವು ಆರಂಭಿಸಿದ ‘ಟೆಲಿ ಮಾನಸ್’ ಎಂಬ ವ್ಯವಸ್ಥೆಯಲ್ಲಿ 14416 ಎಂಬ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ, ಹಣ ತೆರದೆಯೇ ಮಾತನಾಡಬಹುದು. ಅಮೆರಿಕೆಯಲ್ಲಿರುವವರಿಗೆ ಪ್ರಾಣಸಂಕಟದ ಹೊತ್ತಿನಲ್ಲಿ ಹಗಲಿರುಳೂ ದೊರೆಯುವ ಸಂಖ್ಯೆ 988. ಅದು 2022ರ ಜುಲೈಯಿಂದ ಆ ದೇಶದಾದ್ಯಂತ ನಡೆಯುತ್ತಿದೆ. ಇವು ಮನೆಯವರೆಲ್ಲರಿಗೂ ತಿಳಿದಿರಬೇಕಾದ ಸಂಖ್ಯೆಗಳು. ಪಂಚಾಂಗದ ಪಕ್ಕದಲ್ಲಿ ಬರೆದಿಡತಕ್ಕವು.

ಹಾಗಾದರೆ ಹತ್ತಿರದವರ ಪಾಲಿಗೆ ಉಳಿದುದೇನು? ಉಳಿದುದೇ ಬಹಳ. ಚಿಕಿತ್ಸಕರ ಕಿವಿ ಗಂಟೆಯ ಲೆಕ್ಕದ್ದು. ಗಂಟೆ ಮುಗಿದ ಮೇಲೆ ಪರದೆ ಆರುತ್ತದೆ. ಅಳುವ ಮಗುವನ್ನು ಎತ್ತಿಕೊಳ್ಳುವವರು, ಬಿಸಿ ಅನ್ನವನ್ನು ಬಡಿಸುವವರು, ‘ನೀನು ಸ್ವಲ್ಪ ಮಲಗು, ನಾನಿದ್ದೇನೆ’ ಎನ್ನುವವರು ಆ ಪರದೆಯಿಂದ ಹೊರಗೆ ಬರಲಾರರು. ರೋಗಿಗೆ ತನ್ನ ಅಗತ್ಯ ಉಳಿಯದಂತೆ ಮಾಡಿ ಹಿಂದೆ ಸರಿಯುವುದೇ ಒಳ್ಳೆಯ ಚಿಕಿತ್ಸಕರ ಗುರಿ. ಕೊನೆಯವರೆಗೂ ಇರುವುದು ಬಂಧುಗಳ ಧರ್ಮ. ಬಿಚ್ಚಿಕೊಳ್ಳಲಾರದ ಗಂಟನ್ನು ಪರಕೀಯರ ಮುಂದೆ ಬಿಚ್ಚಿದವಳು ಎಷ್ಟೋ ವೇಳೆ ಅನಂತರ ತಾಯಿಯೊಡನೆಯೂ ಮಾತನಾಡಲು ಕಲಿಯುತ್ತಾಳೆ. ಆ ದಿನ ಬಂದಾಗ ತಾಯಿಯು ‘ಮೊದಲು ನನಗೇಕೆ ಹೇಳಲಿಲ್ಲ?’ ಎಂದು ಕೇಳದೆ ಕೇವಲ ಕೇಳಿಸಿಕೊಂಡರೆ, ಅಂದಿನಿಂದ ಆಕೆ ಲೋಕದ ಅರ್ಥದಲ್ಲಿಯೂ ಶಾಸ್ತ್ರದ ಅರ್ಥದಲ್ಲಿಯೂ ಆಪ್ತಳಾಗುತ್ತಾಳೆ.

ಮಗನೋ ಮಗಳೋ ಸೊಸೆಯೋ ವಾರಕ್ಕೊಮ್ಮೆ ಬಾಗಿಲು ಮುಚ್ಚಿಕೊಂಡು ಕಾಣದವರೊಡನೆ ಮಾತನಾಡುತ್ತಿರುವರೆಂದು ತಿಳಿದ ಹಿರಿಯರು ನಾಚಬೇಕಾದುದೂ ಇಲ್ಲ, ತಮ್ಮ ಪ್ರೀತಿ ಸೋತಿತೆಂದು ನೋಯಬೇಕಾದುದೂ ಇಲ್ಲ. ಆ ಬಾಗಿಲ ಬಳಿ ಕಿವಿಗೊಡದೆ, ಒಳಗಿನ ಮಾತನ್ನು ಕೆದಕಿ ಕೇಳದೆ, ಹೊರಗೆ ಬಂದಾಗ ಒಂದು ಲೋಟ ನೀರನ್ನು ಕೊಟ್ಟು ಮಗುವನ್ನು ಕೈಗೆತ್ತಿಕೊಂಡರೆ ಸಾಕು. ಬೇನೆಯನ್ನು ಬಲ್ಲವರಲ್ಲಿ ಹೇಳಿಕೊಳ್ಳುವುದು ಧೈರ್ಯ. ಹೇಳಿಕೊಳ್ಳಲು ಎಡೆಮಾಡಿಕೊಡುವುದು ಗೃಹಸ್ಥಧರ್ಮ.